ಅಡಮಾನದ ಸಾಲ: ಬ್ಯಾಂಕು ಬದಲಾಯಿಸುವುದೆ, ಬೇಡವೆ?

2025ರ ಫೆಬ್ರವರಿಯಿಂದ ಡಿಸೆಂಬರಿನವರೆಗೆ ರಿಸರ್ವ್ ಬ್ಯಾಂಕು ತನ್ನ ರೆಪೊ ದರವನ್ನು ಶೇ. 6.50ರಿಂದ ಶೇ. 5.25ಕ್ಕೆ ಇಳಿಸಿದುದು ಪತ್ರಿಕೆ ಓದುವ ಎಲ್ಲರಿಗೂ ತಿಳಿದ ವಿಷಯ. ಆ ಸುದ್ದಿಯ ಹಿಂದೆಯೇ ನಮ್ಮ ಗುಂಡ್ಲುಪೇಟೆ, ತೆರಕಣಾಂಬಿ, ಬೇಗೂರು, ಹರವೆ ಕಡೆಗಳಲ್ಲಿ ಬೈಕು ಹತ್ತಿ ಬರುವ ಸಾಲದ ಪ್ರತಿನಿಧಿಗಳ ಓಡಾಟವೂ ಹೆಚ್ಚಿದೆ. "ನಿಮ್ಮ ಹಳೆಯ ಸಾಲವನ್ನು ನಾವೇ ತೀರಿಸಿ, ಕಡಿಮೆ ಬಡ್ಡಿಗೆ ನಮ್ಮಲ್ಲಿ ಬರೆದುಕೊಳ್ಳುತ್ತೇವೆ, ಮೇಲೆ ಎರಡು ಲಕ್ಷ ಕೈಗೂ ಕೊಡುತ್ತೇವೆ" ಎಂಬುದು ಅವರ ಮಾತಿನ ಸಾರ. ಇದನ್ನು ಕೇಳಿದ ಸದಸ್ಯರು ಸಂಘದ ಕಚೇರಿಗೆ ಬಂದು, ಹೋಗಬಹುದೆ ಎಂದು ವಿಚಾರಿಸುತ್ತಿದ್ದಾರೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳುವ ಬದಲು, ನಮಗೆ ತಿಳಿದಷ್ಟನ್ನು ಒಂದೆಡೆ ಬರೆದಿಡುವುದು ಮೇಲೆಂದು ತೋರಿತು.

ಸಾಲದ ಮನೆ ಬದಲಿಸುವುದು ನಮ್ಮವರಿಗೆ ಹೊಸದೇನಲ್ಲ. 1929ರಲ್ಲಿ ಮೈಸೂರು ಸಂಸ್ಥಾನದಲ್ಲಿ ಕೇಂದ್ರ ಸಹಕಾರಿ ಭೂ ಅಡಮಾನ ಬ್ಯಾಂಕು ಹುಟ್ಟಿದುದೇ ಈ ಕೆಲಸಕ್ಕಾಗಿ. ಆ ಕಾಲದಲ್ಲಿ ಭೂ ಅಡಮಾನ ಬ್ಯಾಂಕುಗಳು ಕೊಟ್ಟ ಸಾಲದಲ್ಲಿ ಬಹುಪಾಲು ಬಾವಿ ತೋಡುವುದಕ್ಕಲ್ಲ, ತೋಟ ಹಾಕುವುದಕ್ಕಲ್ಲ, ಸಾಹುಕಾರರ ಹಳೆಯ ಋಣ ತೀರಿಸುವುದಕ್ಕೆ. ಅಂದರೆ ಹೆಚ್ಚು ಬಡ್ಡಿಯವನಿಂದ ಕಡಿಮೆ ಬಡ್ಡಿಯವನ ಬಳಿಗೆ ಜಮೀನಿನ ಪತ್ರವನ್ನು ಸಾಗಿಸುವುದೇ ಆ ಸಂಸ್ಥೆಯ ಮೊದಲ ವ್ಯಾಪಾರ. ಹಾಗಿದ್ದೂ 1951-52ರ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆ ನಡೆದಾಗ ರೈತರ ಒಟ್ಟು ಸಾಲದಲ್ಲಿ ಸಹಕಾರಿ ಸಂಸ್ಥೆಗಳ ಪಾಲು ಶೇ. 3.1 ಮಾತ್ರವಿತ್ತು. ಭೂ ಅಡಮಾನ ಬ್ಯಾಂಕು ಮುಂದೆ ಭೂ ಅಭಿವೃದ್ಧಿ ಬ್ಯಾಂಕಾಯಿತು, ಈಗ ಪ್ರಾಥಮಿಕ ಸಹಕಾರಿ ಕೃಷಿ ಮತ್ತು ಗ್ರಾಮೀಣ ಅಭಿವೃದ್ಧಿ ಬ್ಯಾಂಕು, ಅಂದರೆ ಪಿಕಾರ್ಡ್ ಬ್ಯಾಂಕು. ಹಿರಿಯ ಸದಸ್ಯರು ಇಂದಿಗೂ ಅದನ್ನು "ಎಲ್.ಡಿ. ಬ್ಯಾಂಕು" ಎಂದೇ ಕರೆಯುತ್ತಾರೆ, ನಾವೂ ಇಲ್ಲಿ ಹಾಗೆಯೇ ಕರೆಯುತ್ತೇವೆ.

ಇನ್ನು ವಾಣಿಜ್ಯ ಬ್ಯಾಂಕುಗಳಲ್ಲಿ ಸಾಲ ಮಾಡಿದವರ ಕಥೆ ಬೇರೆ. ಅವರು ಬ್ಯಾಂಕು ಬದಲಿಸದಿದ್ದರೂ ಬ್ಯಾಂಕೇ ಬದಲಾಯಿತು. 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಸೇರಿತು. 2019ರಲ್ಲಿ ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದಲ್ಲಿ, 2020ರಲ್ಲಿ ಸಿಂಡಿಕೇಟ್ ಬ್ಯಾಂಕು ಕೆನರಾದಲ್ಲಿ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ. ಕಾವೇರಿ ಗ್ರಾಮೀಣ ಬ್ಯಾಂಕಿನ ಹೆಸರೂ 2019ರಲ್ಲಿ ಹೋಯಿತು. ಎಷ್ಟೋ ಪಹಣಿಗಳ 11ನೆಯ ಕಾಲಂನಲ್ಲಿ ಇಂದಿಗೂ ಈ ಹಳೆಯ ಹೆಸರುಗಳು ಕುಳಿತಿವೆ. ಸಾಲ ಬದಲಿಸಹೊರಟವರಿಗೆ ಇದು ಮೊದಲ ತೊಡಕು. ಅದರ ವಿಚಾರ ಮುಂದೆ ಬರುತ್ತದೆ.

ಮೊದಲು ಲೆಕ್ಕ. ಬಡ್ಡಿಯ ದರವೊಂದನ್ನೇ ನೋಡಿ ತೀರ್ಮಾನಕ್ಕೆ ಬರುವವರು ಬಹಳ. ದರಕ್ಕಿಂತ ಮುಖ್ಯವಾದುದು ಇನ್ನೆಷ್ಟು ಅಸಲು ಬಾಕಿ, ಇನ್ನೆಷ್ಟು ವರ್ಷ ಬಾಕಿ ಎಂಬುದು. ಒಬ್ಬ ಬೆಳೆಗಾರರಿಗೆ ರೂ. 7,00,000 ಅಸಲು ಉಳಿದಿದೆ, ವರ್ಷಕ್ಕೆ ರೂ. 1,00,000ದಂತೆ 7 ವಾರ್ಷಿಕ ಕಂತುಗಳಲ್ಲಿ ತೀರಬೇಕು, ಉಳಿದ ಅಸಲಿಗೆ ಮಾತ್ರ ಬಡ್ಡಿ ಎಂದು ಇಟ್ಟುಕೊಳ್ಳೋಣ. ಹಳೆಯ ದರ ಶೇ. 11.5, ಹೊಸಬರು ಹೇಳುವ ದರ ಶೇ. 9.5. ಹಳೆಯ ಕಡೆಯಲ್ಲೇ ಉಳಿದರೆ 7 ವರ್ಷದಲ್ಲಿ ಕಟ್ಟುವ ಬಡ್ಡಿ ರೂ. 3,22,000. ಹೊಸ ಕಡೆಗೆ ಹೋದರೆ ರೂ. 2,66,000. ಉಳಿತಾಯ ರೂ. 56,000. ಕೇಳಲು ಚೆನ್ನಾಗಿಯೇ ಇದೆ.

ಆದರೆ ಬದಲಿಸುವುದಕ್ಕೆ ಖರ್ಚುಂಟು. ಹಳೆಯ ಸಾಲವನ್ನು ಅವಧಿಗೆ ಮುಂಚೆ ಮುಗಿಸುವ ಶುಲ್ಕ ಕರಾರಿನಲ್ಲಿದ್ದರೆ ಅದು, ಹೊಸ ಬ್ಯಾಂಕಿನ ಪರಿಶೀಲನಾ ಶುಲ್ಕ, ವಕೀಲರ ಅಭಿಪ್ರಾಯ, ಜಮೀನಿನ ಮೌಲ್ಯಮಾಪನ, ಋಣಭಾರ ಪತ್ರ, ಅಡಮಾನ ಪತ್ರದ ಮುದ್ರಾಂಕ ಮತ್ತು ನೋಂದಣಿ, ಹತ್ತಾರು ಸಲ ಪೇಟೆಗೆ ಓಡಾಟ. ಇವೆಲ್ಲ ಸೇರಿ ರೂ. 31,000 ಆಯಿತೆನ್ನಿ. ಮೊದಲ ವರ್ಷದ ಬಡ್ಡಿ ಉಳಿತಾಯ ರೂ. 14,000, ಎರಡನೆಯದು 12,000, ಮೂರನೆಯದು 10,000. ಎಂದರೆ ಹಾಕಿದ ಖರ್ಚು ಹಿಂದಕ್ಕೆ ಬರುವುದು ಮೂರನೆಯ ವರ್ಷದಲ್ಲಿ. ಕೊನೆಗೆ ಕೈಯಲ್ಲಿ ನಿಲ್ಲುವುದು ರೂ. 25,000. ಇದೇ ಬೆಳೆಗಾರರಿಗೆ 3 ವರ್ಷ, 3 ಲಕ್ಷ ಮಾತ್ರ ಬಾಕಿ ಇದ್ದಿದ್ದರೆ ಒಟ್ಟು ಉಳಿತಾಯ ರೂ. 12,000. ಖರ್ಚೇ ಅದನ್ನು ಮೀರುತ್ತದೆ. ಅಂಥವರು ಬಂದ ಪ್ರತಿನಿಧಿಗೆ ಕಾಫಿ ಕೊಟ್ಟು ಕಳುಹಿಸಬಹುದು.

ಇನ್ನೊಂದು ಮೋಸಹೋಗುವ ಜಾಗವಿದೆ. ಹೊಸಬರು ದರ ಇಳಿಸುವುದರ ಜೊತೆಗೆ ಅವಧಿಯನ್ನೂ ಬೆಳೆಸುತ್ತಾರೆ. ಕಂತು ಚಿಕ್ಕದಾಗುತ್ತದೆ, ಮನಸ್ಸಿಗೆ ಹಗುರವಾಗುತ್ತದೆ. ಮೇಲಿನ ಅದೇ 7 ಲಕ್ಷವನ್ನು ಶೇ. 9.5ರಂತೆಯೇ 12 ವರ್ಷಕ್ಕೆ ಹಂಚಿದರೆ ಕಟ್ಟುವ ಬಡ್ಡಿ ರೂ. 4,32,250. ಹೆಚ್ಚಿನ ದರದ ಹಳೆಯ ಸಾಲಕ್ಕೆ ಕಟ್ಟಬೇಕಾಗಿದ್ದುದು ರೂ. 3,22,000 ಮಾತ್ರ. ಎರಡು ಪರ್ಸೆಂಟು ಕಡಿಮೆ ಬಡ್ಡಿಯ ಹೆಸರಿನಲ್ಲಿ ರೂ. 1,10,250 ಹೆಚ್ಚು ಕಟ್ಟಿದಂತಾಯಿತು. ತೋಟ ಫಸಲಿಗೆ ಬರುವವರೆಗೆ ಉಸಿರಾಡಲು ಅವಧಿ ಬೇಕೆಂದಾದರೆ, ತಿಳಿದೇ ಈ ಹಣ ಕೊಡಬಹುದು, ತಪ್ಪಿಲ್ಲ. ಉಳಿತಾಯವೆಂದು ಮಾತ್ರ ತಿಳಿಯಬಾರದು.

ಲೆಕ್ಕ ಮುಗಿಯಿತೆಂದು ಕೂಡಲೆ ಹೊರಡುವ ಮೊದಲು, ಈಗ ಸಾಲವಿರುವ ಬ್ಯಾಂಕಿನಲ್ಲೇ ಒಂದು ಮಾತು ಕೇಳುವುದು ಅಗತ್ಯ. ವಾಣಿಜ್ಯ ಬ್ಯಾಂಕುಗಳ ಬಡ್ಡಿ ಪದ್ಧತಿ ಕಾಲಕಾಲಕ್ಕೆ ಬದಲಾಗಿದೆ: 2010ರ ಜುಲೈನಿಂದ ಮೂಲ ದರ ಪದ್ಧತಿ, 2016ರ ಏಪ್ರಿಲ್‌ನಿಂದ ಎಂ.ಸಿ.ಎಲ್.ಆರ್., 2019ರ ಅಕ್ಟೋಬರಿನಿಂದ ಮನೆ ಸಾಲ ಮೊದಲಾದ ವೈಯಕ್ತಿಕ ಸಾಲಗಳಿಗೂ ಸಣ್ಣ ಉದ್ಯಮಗಳಿಗೂ ರೆಪೊದಂಥ ಹೊರಗಿನ ಮಾನದಂಡ. ಈ ಕೊನೆಯದು ಕೃಷಿ ಸಾಲಕ್ಕೆ ಕಡ್ಡಾಯವಲ್ಲ. ಆದುದರಿಂದಲೇ ರೆಪೊ ಇಳಿದರೂ ನಮ್ಮ ತೋಟದ ಸಾಲದ ಬಡ್ಡಿ ಅಷ್ಟೇ ವೇಗದಲ್ಲಿ ಇಳಿಯುವುದಿಲ್ಲ. ಅದನ್ನು ನೋಡಿ ಮ್ಯಾನೇಜರನ್ನು ಬೈದು ಪ್ರಯೋಜನವಿಲ್ಲ. ಆದರೆ ಹತ್ತು ವರ್ಷದ ಹಿಂದಿನ ಸಾಲವಾದರೆ ಅದು ಯಾವ ಪದ್ಧತಿಯಲ್ಲಿದೆ, ಹೊಸ ಪದ್ಧತಿಗೆ ಬದಲಿಸಿಕೊಡುವಿರಾ, ಶುಲ್ಕವೆಷ್ಟು ಎಂದು ಅರ್ಜಿ ಬರೆದುಕೊಟ್ಟು ಕೇಳಬಹುದು. ಸ್ವೀಕೃತಿ ಪಡೆದುಕೊಳ್ಳಿ. ಬಾಯಿಮಾತಿನಲ್ಲಿ ಕೇಳಿದುದಕ್ಕೆ ಬಾಯಿಮಾತಿನ ಉತ್ತರವೇ ಸಿಗುವುದು. ಬೇರೆ ಬ್ಯಾಂಕಿನ ಮಂಜೂರಾತಿ ಪತ್ರ ಕೈಯಲ್ಲಿದ್ದರೆ ಉತ್ತರ ಸ್ವಲ್ಪ ಬೇಗ ಬರುವುದೆಂಬುದೂ ನಮ್ಮ ಅನುಭವ. ಪತ್ರ ಕದಲದೆ, ಮುದ್ರಾಂಕ ಖರ್ಚಿಲ್ಲದೆ ದರ ಇಳಿಯುವ ದಾರಿ ಇದೊಂದೇ.

ಅವಧಿಗೆ ಮುಂಚೆ ಸಾಲ ತೀರಿಸುವ ಶುಲ್ಕದ ಬಗ್ಗೆ ರಿಸರ್ವ್ ಬ್ಯಾಂಕು 2025ರ ಜುಲೈನಲ್ಲಿ ಹೊಸ ನಿರ್ದೇಶನ ಹೊರಡಿಸಿತು. 2026ರ ಜನವರಿ 1ರಂದು ಅಥವಾ ಆಮೇಲೆ ಮಂಜೂರಾದ ಇಲ್ಲವೆ ನವೀಕರಿಸಿದ, ಬದಲಾಗುವ ಬಡ್ಡಿದರದ ಸಾಲಗಳಿಗೆ ಇದು ಅನ್ವಯ. ವ್ಯಕ್ತಿಗಳು ವ್ಯಾಪಾರಕ್ಕಲ್ಲದೆ ಪಡೆದ ಸಾಲಕ್ಕೆ ಈ ಶುಲ್ಕ ಹಾಕುವಂತಿಲ್ಲ; ವ್ಯಾಪಾರದ ಉದ್ದೇಶದ್ದಾದರೂ ವಾಣಿಜ್ಯ ಬ್ಯಾಂಕುಗಳು ವ್ಯಕ್ತಿಗಳಿಗೆ ಹಾಕುವಂತಿಲ್ಲ; ಗ್ರಾಮೀಣ ಬ್ಯಾಂಕು ಮತ್ತು ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕುಗಳಲ್ಲಿ ರೂ. 50 ಲಕ್ಷದವರೆಗಿನ ಸಾಲಕ್ಕೆ ಆ ರಿಯಾಯಿತಿ ಇದೆ. ಅದಕ್ಕಿಂತ ಹಿಂದಿನ ಸಾಲವಾದರೆ ನಿಮ್ಮ ಕರಾರು ಪತ್ರವನ್ನು ಬಿಚ್ಚಿ ಓದಲೇಬೇಕು. ಎಲ್.ಡಿ. ಬ್ಯಾಂಕು ಈ ಯಾವುದಕ್ಕೂ ಒಳಪಡುವುದಿಲ್ಲ. 1949ರ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆ ಭೂ ಅಡಮಾನ ಸಹಕಾರಿ ಬ್ಯಾಂಕುಗಳನ್ನು ಹೊರಗಿಟ್ಟಿದೆ. ಅವು ನಡೆಯುವುದು 1959ರ ರಾಜ್ಯ ಸಹಕಾರ ಸಂಘಗಳ ಕಾಯ್ದೆ ಮತ್ತು ತಮ್ಮ ಉಪವಿಧಿಗಳ ಪ್ರಕಾರ.

ಈಗ ಎಲ್.ಡಿ. ಬ್ಯಾಂಕಿನ ಸಾಲಗಾರರ ವಿಷಯಕ್ಕೆ ಬರೋಣ. ನಮ್ಮ ಅಭಿಪ್ರಾಯದಲ್ಲಿ ಇವರಲ್ಲಿ ಹೆಚ್ಚಿನವರು ಅಲ್ಲಾಡಬಾರದು. ಸಹಕಾರಿ ಸಂಸ್ಥೆಗಳ ಮಧ್ಯಮಾವಧಿ ಮತ್ತು ದೀರ್ಘಾವಧಿ ಕೃಷಿ ಸಾಲಕ್ಕೆ ರಾಜ್ಯ ಸರ್ಕಾರದ ಸಹಾಯಧನದಿಂದ ಶೇ. 3ರ ಬಡ್ಡಿ ಇರುವುದು ಎಲ್ಲರಿಗೂ ಗೊತ್ತು. 2023-24ರ ಮುಂಗಡಪತ್ರದಲ್ಲಿ ಇದರ ಮಿತಿಯನ್ನು 10 ಲಕ್ಷದಿಂದ 15 ಲಕ್ಷಕ್ಕೆ ಏರಿಸಲಾಯಿತು. ಬಡ್ಡಿರಹಿತ ಅಲ್ಪಾವಧಿ ಸಾಲದ ಮಿತಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿದುದೂ ಆಗಲೇ. ಶೇ. 3ರಂತೆ 6 ಲಕ್ಷ ಬಾಕಿಗೆ ವರ್ಷಕ್ಕೆ ಬಡ್ಡಿ ರೂ. 18,000. ಅದೇ 6 ಲಕ್ಷವನ್ನು ಶೇ. 9.5ರ ಕಡೆಗೆ ಒಯ್ದರೆ ರೂ. 57,000. ಇಷ್ಟು ಅಂತರವಿದ್ದರೂ ಹೊರಡುವವರಿದ್ದಾರೆ. ಏಕೆಂದರೆ ಎಲ್.ಡಿ. ಬ್ಯಾಂಕಿನಲ್ಲಿ ಹೆಚ್ಚಿನ ಸಾಲ ಸಿಗುವುದು ನಿಧಾನ, ಹಣದ ಒದಗಣೆ ಇದ್ದಾಗ ಮಾತ್ರ. ಕೊಳವೆಬಾವಿ ಬತ್ತಿದ ವರ್ಷ ಯಾರೂ ನಿಧಾನಕ್ಕೆ ಕಾಯಲಾರರು. ಅದು ನಮಗೂ ಅರ್ಥವಾಗುತ್ತದೆ. ಆದರೂ ಹೆಚ್ಚುವರಿ ಹಣ ಬೇಕಾದವರು ಇರುವ ಅಗ್ಗದ ಸಾಲವನ್ನು ಮುಚ್ಚಿ ಎಲ್ಲವನ್ನೂ ದುಬಾರಿ ಸಾಲ ಮಾಡಿಕೊಳ್ಳುವುದಕ್ಕಿಂತ, ಋಣವಿಲ್ಲದ ಬೇರೊಂದು ಸರ್ವೆ ನಂಬರಿನ ಮೇಲೆ ಬೇಕಾದಷ್ಟನ್ನು ಮಾತ್ರ ಪಡೆಯುವುದು ಲೇಸು.

ಒಂದು ಎಚ್ಚರಿಕೆ. ಶೇ. 3 ಎಂಬುದು ಗಡುವಿನೊಳಗೆ ಕಂತು ಕಟ್ಟಿದವರಿಗೆ ಮಾತ್ರ. ಸುಸ್ತಿಯಾದರೆ ರಿಯಾಯಿತಿ ತಪ್ಪಿ ಬ್ಯಾಂಕಿನ ಪೂರ್ತಿ ದರ ಬೀಳುತ್ತದೆ. ಸುಸ್ತಿಯಾಗಿ ಪೂರ್ತಿ ದರ ಕಟ್ಟುತ್ತಿರುವವರು "ಎಲ್.ಡಿ. ಬ್ಯಾಂಕು ದುಬಾರಿ" ಎಂದು ಹೊರಡುತ್ತಾರೆ, ಆದರೆ ಸುಸ್ತಿಯಾದ ಸಾಲವನ್ನು ಬೇರಾವ ಬ್ಯಾಂಕೂ ಸುಲಭದಲ್ಲಿ ವಹಿಸಿಕೊಳ್ಳುವುದಿಲ್ಲ. ವಹಿಸಿಕೊಳ್ಳಲು ಮುಂದೆ ಬರುವವರು ಯಾರು, ಯಾವ ದರಕ್ಕೆ ಎಂಬುದನ್ನು ಯೋಚಿಸಬೇಕು. ಇದಲ್ಲದೆ 2024ರ ಜನವರಿಯಲ್ಲಿ ಸರ್ಕಾರ ಹೊರಡಿಸಿದ ಆದೇಶವನ್ನು ನೆನಪಿಸಿಕೊಳ್ಳಿ. ಸಹಕಾರಿ ಸಂಸ್ಥೆಗಳಲ್ಲಿ ಸುಸ್ತಿಯಾಗಿದ್ದ ಮಧ್ಯಮಾವಧಿ, ದೀರ್ಘಾವಧಿ ಕೃಷಿ ಸಾಲದ ಅಸಲನ್ನು ಫೆಬ್ರವರಿ ಕೊನೆಯೊಳಗೆ ಕಟ್ಟಿದವರಿಗೆ ಬಡ್ಡಿ ಮನ್ನಾ ಆಯಿತು. ಅದಕ್ಕೆ ಮುಂಚೆಯೇ ಖಾಸಗಿ ಕಂಪನಿಗಳಿಗೆ ಹೋಗಿಬಿಟ್ಟಿದ್ದವರಿಗೆ ಅದರಲ್ಲಿ ಪಾಲಿರಲಿಲ್ಲ. ಮನ್ನಾ ಬರುತ್ತದೆಂದು ಕಾದು ಕುಳಿತುಕೊಳ್ಳಿ ಎಂದು ನಾವು ಎಂದೂ ಹೇಳುವುದಿಲ್ಲ, ಸಹಕಾರ ಸಂಘದವರು ಹೇಳಲೂಬಾರದು. ಆದರೆ ಬರುವ ಸವಲತ್ತು ಯಾವ ಬಾಗಿಲಿಗೆ ಬರುತ್ತದೆಂಬುದು ಲೆಕ್ಕದಲ್ಲಿ ಸೇರಬೇಕಾದ ವಿಷಯವೇ. ಇನ್ನೊಂದು ಪಕ್ಕದ ಮಾತು: ಸಾಲ ಮಾಡುವಾಗ ಹಿಡಿದ ಷೇರು ಹಣವನ್ನು ಎಲ್.ಡಿ. ಬ್ಯಾಂಕಿನಿಂದ ಹೊರಡುವವರು ಮರೆತೇಬಿಡುತ್ತಾರೆ. ಅದನ್ನು ಅರ್ಜಿ ಕೊಟ್ಟು ಕೇಳಬೇಕು.

ಕಾಫಿ ತೋಟದವರು ಇನ್ನೂ ಹೆಚ್ಚು ಜಾಗ್ರತೆ ವಹಿಸಬೇಕು. ಬಿಳಿಗಿರಿರಂಗನ ಬೆಟ್ಟದ ಕಡೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮಾರಿಸ್ ಕುಟುಂಬ ಅತ್ತಿಕಾನದಲ್ಲಿ ತೋಟ ಹಾಕಿದಂದಿನಿಂದ ನಮ್ಮ ಜಿಲ್ಲೆಯಲ್ಲಿ ಕಾಫಿ ಇದೆ. ಸಂಖ್ಯೆಯಲ್ಲಿ ಕಡಿಮೆಯಾದರೂ ನಮ್ಮ ಸದಸ್ಯರಲ್ಲಿ ಕಾಫಿ ಬೆಳೆಯುವವರಿದ್ದಾರೆ. 2002ರ ಸರ್ಫೇಸಿ ಕಾಯ್ದೆಯ 31ನೆಯ ಕಲಮು ಕೃಷಿ ಭೂಮಿಯ ಮೇಲಿನ ಭದ್ರತೆಗೆ ಆ ಕಾಯ್ದೆ ಅನ್ವಯಿಸದೆಂದು ಹೇಳುತ್ತದೆ. ನ್ಯಾಯಾಲಯಕ್ಕೆ ಹೋಗದೆ ನೋಟೀಸು ಕೊಟ್ಟು ಹರಾಜು ಹಾಕುವ ಅಧಿಕಾರ ಅಡಿಕೆ, ಅರಿಸಿನ, ಬಾಳೆಯ ಜಮೀನಿನ ಮೇಲೆ ಆ ಕಾಯ್ದೆಯಡಿ ಇಲ್ಲ. ಕಾಫಿ ತೋಟ ಈ ರಕ್ಷಣೆಯೊಳಗೆ ಬರುತ್ತದೆಯೆ ಎಂಬುದು ಮಾತ್ರ ವಿವಾದಕ್ಕೊಳಗಾಗಿದೆ. ರಾಜ್ಯದ ಭೂ ಸುಧಾರಣಾ ಕಾಯ್ದೆ ಕಾಫಿಯನ್ನು ಪ್ಲಾಂಟೇಷನ್ ಬೆಳೆಯೆಂದು ಬೇರೆಯಾಗಿ ಇಟ್ಟಿದೆ, ಅಡಿಕೆಯನ್ನಲ್ಲ. ಕೊಡಗು, ಚಿಕ್ಕಮಗಳೂರು ಕಡೆ ಕಾಫಿ ತೋಟಗಳಿಗೆ ಈ ಕಾಯ್ದೆಯಡಿ ಹರಾಜಿನ ನೋಟೀಸುಗಳು ಬಂದು, ಬೆಳೆಗಾರರ ಸಂಘಟನೆಗಳು ವಿನಾಯಿತಿಗಾಗಿ ಒತ್ತಾಯಿಸಿದುದು ಎಲ್ಲರೂ ಬಲ್ಲ ವಿಷಯ. ಅಡಿಕೆಯವರೂ ಒಂದನ್ನು ಗಮನಿಸಬೇಕು. ಸಾಲ ವಹಿಸಿಕೊಳ್ಳುವ ಕಂಪನಿ "ಜಮೀನಿನ ಜೊತೆಗೆ ಪೇಟೆಯ ಮನೆಯನ್ನೂ ಬರೆದುಕೊಡಿ, ಅರ್ಧ ಪರ್ಸೆಂಟು ಇನ್ನೂ ಇಳಿಸುತ್ತೇವೆ" ಎನ್ನುವುದುಂಟು. ಮನೆಗೆ ಆ ರಕ್ಷಣೆ ಇಲ್ಲ. ಅರ್ಧ ಪರ್ಸೆಂಟಿಗೆ ಮಲಗುವ ಮನೆಯನ್ನು ಒತ್ತೆಯಿಡುವುದು ನಮಗೆ ಸರಿಕಾಣುವುದಿಲ್ಲ.

ಬೆಟ್ಟದ ಸೋಲಿಗ ಬೆಳೆಗಾರರಿಗೆ ಮಾತ್ರ ಈ ಪ್ರಶ್ನೆಯೇ ಏಳುವುದಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಬಂದ ಭೂಮಿ ಮಕ್ಕಳಿಗೆ ಸಲ್ಲುತ್ತದೆ, ಪರಭಾರೆಯಾಗುವುದಿಲ್ಲ. ಆದುದರಿಂದ ಅಡಮಾನಕ್ಕೂ ಒದಗದು. 1978ರ ಪಿ.ಟಿ.ಸಿ.ಎಲ್. ಕಾಯ್ದೆಗೆ ಒಳಪಟ್ಟ ಮಂಜೂರಾತಿ ಜಮೀನುಳ್ಳವರು ಮೊದಲು ವಕೀಲರನ್ನು ಕಾಣಬೇಕು.

ಬಡ್ಡಿ, ಶುಲ್ಕ, ಕಾಯ್ದೆ ಎಲ್ಲ ಕೂಡಿಬಂದರೂ ಕೆಲಸ ನಿಲ್ಲುವುದು ಖಾತೆಯಲ್ಲಿ. ಹದಿನೈದು ವರ್ಷದ ಹಿಂದೆ ತಂದೆಯವರ ಹೆಸರಿನಲ್ಲಿ ಸಾಲವಾಗಿರುತ್ತದೆ. ತಂದೆ ತೀರಿಕೊಂಡಿರುತ್ತಾರೆ, ಪೌತಿ ಖಾತೆ ಆಗಿರುವುದಿಲ್ಲ, ಮಕ್ಕಳಲ್ಲಿ ಒಬ್ಬರು ಕಂತು ಕಟ್ಟಿಕೊಂಡು ಬರುತ್ತಿರುತ್ತಾರೆ. ಹಳೆಯ ಬ್ಯಾಂಕು ಕಂತು ಬರುವವರೆಗೆ ಏನೂ ಕೇಳುವುದಿಲ್ಲ. ಹೊಸ ಬ್ಯಾಂಕು ಮೊದಲಿನಿಂದ ಕೇಳುತ್ತದೆ: ವಂಶವೃಕ್ಷ, ವಾರಸುದಾರರೆಲ್ಲರ ಸಹಿ. ಎಲ್ಲರೆಂದರೆ ಹೆಣ್ಣುಮಕ್ಕಳೂ ಸೇರಿ. ಕರ್ನಾಟಕದಲ್ಲಿ 1994ರ ತಿದ್ದುಪಡಿಯೂ, ದೇಶಕ್ಕೆಲ್ಲ 2005ರ ತಿದ್ದುಪಡಿಯೂ ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಹಕ್ಕನ್ನು ಕೊಟ್ಟಿವೆ. 2020ರಲ್ಲಿ ಸುಪ್ರೀಂ ಕೋರ್ಟು ಅದನ್ನು ಇನ್ನಷ್ಟು ಸ್ಪಷ್ಟಪಡಿಸಿತು. ನಮ್ಮ ಸದಸ್ಯರೊಬ್ಬರು ಹೀಗೆ ಪತ್ರಗಳನ್ನು ಹಿಡಿದುಕೊಂಡು ಮೈಸೂರಿನಲ್ಲಿದ್ದ ತಂಗಿಯ ಮನೆಗೆ ಹೋದರು. ಆಕೆ ಜಗಳ ತೆಗೆಯಲಿಲ್ಲ. "ಸಹಿ ಹಾಕ್ತೀನಿ ಕಣಣ್ಣ. ಆದ್ರೆ ಎಷ್ಟು ಸಾಲ, ಯಾವಾಗ ತೀರ್ತದೆ, ನನ್ಗೂ ಓದಿ ಹೇಳು" ಎಂದರಂತೆ. ಓದಿ ಹೇಳಲು ಕುಳಿತಾಗಲೇ ಹನ್ನೆರಡು ವರ್ಷದ ಅವಧಿಯೂ, ಮೇಲೆ ಬರೆದ ಹೆಚ್ಚಿನ ಬಡ್ಡಿಯೂ ಅಣ್ಣನ ಕಣ್ಣಿಗೆ ಬಿದ್ದುದು. ಆ ಸಾಲ ಇಂದಿಗೂ ಹಳೆಯ ಬ್ಯಾಂಕಿನಲ್ಲೇ ಇದೆ. ಪೌತಿ ಖಾತೆ ಮಾತ್ರ ಆಯಿತು. ಎಲ್ಲ ಮನೆಗಳಲ್ಲೂ ಹೀಗೆ ಸಲೀಸಾಗುವುದಿಲ್ಲ. ಸಾಲದ ಸಹಿಗೆಂದು ಹೋದುದು ವಿಭಾಗದ ದಾವೆಯಾಗಿ ತಿರುಗಿ, ಎರಡು ಪರ್ಸೆಂಟಿನ ಉಳಿತಾಯ ವಕೀಲರ ಫೀಜಿಗೂ ಸಾಲದಾದ ನಿದರ್ಶನಗಳು ಇವೆ. ಬ್ಯಾಂಕು ಬದಲಿಸಲಿ ಬಿಡಲಿ, ಪೌತಿ ಖಾತೆಯ ಕೆಲಸವನ್ನು ಮುಂದೂಡಬಾರದು.

ಇಷ್ಟೆಲ್ಲ ನೋಡಿಯೂ ಬದಲಿಸುವುದೇ ಸರಿಯೆಂದು ಕಂಡವರಿಗೆ ಕೆಲಸದ ಕ್ರಮ ಹೀಗೆ. ಹೊಸ ಬ್ಯಾಂಕಿನಿಂದ ಲಿಖಿತ ಮಂಜೂರಾತಿ ಮೊದಲು. ಚಿಲ್ಲರೆ ಸಾಲ ಮತ್ತು ಸಣ್ಣ ಉದ್ಯಮಗಳ ಅವಧಿ ಸಾಲಕ್ಕೆ 2024ರ ಅಕ್ಟೋಬರಿನಿಂದ, ಶುಲ್ಕಗಳನ್ನೂ ಸೇರಿಸಿ ವಾರ್ಷಿಕ ದರವೆಷ್ಟಾಗುತ್ತದೆಂದು ತೋರಿಸುವ ಮುಖ್ಯಾಂಶಗಳ ಪತ್ರ ಕೊಡುವುದು ಕಡ್ಡಾಯ. ತೋಟದ ಸಾಲಕ್ಕೂ ಅಂಥದೇ ಒಂದು ಪತ್ರ ಕೊಡಿರೆಂದು ಕೇಳಿ. ಆಮೇಲೆ ಹಳೆಯ ಬ್ಯಾಂಕಿನಿಂದ ಬಾಕಿಯ ಪತ್ರ ಮತ್ತು ಅವರ ವಶದಲ್ಲಿರುವ ದಾಖಲೆಗಳ ಪಟ್ಟಿ. ಹಣ ಹೊಸ ಬ್ಯಾಂಕಿನಿಂದ ನೇರವಾಗಿ ಹಳೆಯ ಸಾಲದ ಖಾತೆಗೆ ಹೋಗಬೇಕು. ನಮ್ಮ ಕಡೆಯ ಬೆಳೆಗಾರರೊಬ್ಬರು ಮಂಜೂರಾಗಿಯೇ ಆಗುತ್ತದೆಂಬ ಬಾಯಿಮಾತು ನಂಬಿ, ತಿಂಗಳಿಗೆ ಮೂರು ರೂಪಾಯಿ ಬಡ್ಡಿಗೆ ಕೈಸಾಲ ತಂದು ಹಳೆಯ ಸಾಲ ಮುಚ್ಚಿದರು. ಹೊಸ ಸಾಲ ನಾಲ್ಕು ತಿಂಗಳು ತಡವಾಯಿತು, ಬಂದಾಗ ಕೇಳಿದುದರ ಮುಕ್ಕಾಲು ಪಾಲು ಬಂದಿತು. ಆ ವರ್ಷದ ಅರಿಸಿನ ಪೂರ್ತಿ ಕೈಸಾಲದ ಬಡ್ಡಿಗೆ ಹೋಯಿತು.

ಕಂತಿನ ಕಾಲವನ್ನೂ ಮಂಜೂರಾತಿಗೆ ಮುಂಚೆಯೇ ಮಾತಾಡಬೇಕು. ನಮಗೆ ದುಡ್ಡು ಬರುವುದು ತಿಂಗಳ ಸಂಬಳದಂತಲ್ಲ. ಅಡಿಕೆಗೆ ಒಂದು ಕಾಲ, ಅರಿಸಿನಕ್ಕೆ ಒಂದು ಕಾಲ, ಕಾಫಿ ಒಣಗಿ ಮಾರಾಟವಾಗುವುದು ಬೇಸಿಗೆಯ ಮುಂದೆ. ಕಾಫಿ ಮಂಡಳಿಯ ಪೂಲ್ ಪದ್ಧತಿ 1990ರ ದಶಕದಲ್ಲಿ ಕೊನೆಗೊಳ್ಳುವವರೆಗೆ ಹಣ ಕಂತುಕಂತಾಗಿ ಬರುತ್ತಿತ್ತು, ಬ್ಯಾಂಕುಗಳಿಗೂ ಅದರ ಭರವಸೆಯಿತ್ತು. ಈಗ ಮಾರಿದ ದಿನದ ಬೆಲೆಯೇ ಬೆಲೆ. ತಿಂಗಳ ಕಂತಿನ ಸಾಲ ಎಷ್ಟು ಅಗ್ಗವಾದರೂ ಆಷಾಢ, ಶ್ರಾವಣದಲ್ಲಿ ಕೈಸಾಲಕ್ಕೆ ಕಳುಹಿಸುತ್ತದೆ. ವಾರ್ಷಿಕ ಇಲ್ಲವೆ ಅರ್ಧವಾರ್ಷಿಕ ಕಂತು, ಅದೂ ಫಸಲು ಮಾರಿದ ಮೇಲಿನ ದಿನಾಂಕಕ್ಕೆ, ಬರೆಯಿಸಿಕೊಳ್ಳಿ. ಹೊಸದಾಗಿ ಹಾಕಿದ ಅಡಿಕೆ ಐದಾರು ವರ್ಷ ಏನೂ ಕೊಡದು. ಅಷ್ಟು ಕಾಲ ಅಸಲಿಗೆ ಬಿಡುವು ಕೊಡುವವರು ಯಾರೆಂದು ನೋಡುವುದು ಅರ್ಧ ಪರ್ಸೆಂಟಿಗಿಂತ ಹೆಚ್ಚಿನ ವಿಚಾರ.

ಸಾಲ ತೀರಿದ ಮೇಲೆ ಮೂಲ ದಾಖಲೆಗಳನ್ನು 30 ದಿನಗಳೊಳಗೆ ಹಿಂದಿರುಗಿಸಬೇಕೆಂದೂ, ತಮ್ಮ ಕಾರಣದಿಂದ ತಡವಾದರೆ ದಿನಕ್ಕೆ ರೂ. 5,000 ಪರಿಹಾರ ಕೊಡಬೇಕೆಂದೂ ರಿಸರ್ವ್ ಬ್ಯಾಂಕಿನ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಅದರ ವ್ಯಾಪ್ತಿಗೆ ಬರುವ ಬ್ಯಾಂಕಿಗೆ ದಿನಾಂಕ ಹಾಕಿ ಪತ್ರ ಕೊಟ್ಟರೆ ಕೆಲಸ ನಡೆಯುತ್ತದೆ. ದಾಖಲೆ ಬಂದಿತೆಂದು ಸುಮ್ಮನಾಗಬೇಡಿ. ಋಣಮುಕ್ತ ಪತ್ರ ಉಪನೋಂದಣಾಧಿಕಾರಿಗಳ ಕಚೇರಿಗೆ ಹೋಗಿದೆಯೆ, ಪಹಣಿಯ 11ನೆಯ ಕಾಲಂನಿಂದ ಹಳೆಯ ಬ್ಯಾಂಕಿನ ಹೆಸರು ಇಳಿದಿದೆಯೆ ಎಂದು ತಿಂಗಳೊಪ್ಪತ್ತಿನಲ್ಲಿ ಹೊಸ ಪಹಣಿ ತೆಗೆಸಿ ನೋಡಿ. ವಿಲೀನವಾದ ಬ್ಯಾಂಕುಗಳ ಹೆಸರು ಇಳಿಸಲು ಈಗಿನ ಬ್ಯಾಂಕಿನ ಪತ್ರದ ಜೊತೆಗೆ ವಿಲೀನದ ಉಲ್ಲೇಖವೂ ಬೇಕಾಗುತ್ತದೆ. ಅದನ್ನು ಮೊದಲೇ ಬರೆಯಿಸಿಕೊಂಡರೆ ಒಂದು ಓಡಾಟ ಉಳಿಯುತ್ತದೆ.

ಸಾಲದ ಪಾಸ್‌ಪುಸ್ತಕ, ಕರಾರು ಪತ್ರದ ನಕಲು, ಈಚಿನ ಪಹಣಿ ಮತ್ತು ಹೊಸಬರು ಬರೆದುಕೊಟ್ಟ ದರದ ಪತ್ರ, ಈ ನಾಲ್ಕನ್ನು ತಂದ ಸದಸ್ಯರಿಗೆ ಮೇಲಿನ ಲೆಕ್ಕವನ್ನು ಅವರವರ ಅಂಕಿಗಳಲ್ಲಿ ಸಂಘದ ಕಚೇರಿಯಲ್ಲಿ ಮಾಡಿಕೊಡುತ್ತೇವೆ. ಬಾಯಲ್ಲಿ ಹೇಳಿದ ದರಕ್ಕೆ ಲೆಕ್ಕ ಹಾಕಲು ಬರುವುದಿಲ್ಲ.